ಮೊದಲಿಗೆ ಇಬ್ಬರು

ಮೊದಲ ಹೊತ್ತಿಗೆ ಇಬ್ಬರನ್ನು ಬರಹೇಳಿ. ಆಮೇಲೆ, ಒಬ್ಬರನ್ನು ನೋಡಲು ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತಿಗೆ ಒಬ್ಬೊಬ್ಬರಂತೆ ಕರೆಯಿರಿ. ಬ್ರಿಟನ್ನಿನ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಜನ ಕಾಯುವುದನ್ನು ಅಭ್ಯಾಸ ಮಾಡಿದ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೇಯ್ಲಿ 1952ರಲ್ಲಿ ಹೇಳಿದ್ದು ಇಷ್ಟೇ. ಜೊತೆಗಾರ ವೆಲ್ಚ್ ಅವರ ಹೆಸರನ್ನೂ ಕೂಡಿಸಿ ಇಂದಿಗೂ ಇದನ್ನು ಬೇಯ್ಲಿ–ವೆಲ್ಚ್ ನಿಯಮ ಎನ್ನುತ್ತಾರೆ. ಓದಿದಾಗಲೆಲ್ಲ ನನಗೆ ಒಳ್ಳೆಯ ತ್ರಿಪದಿ ಕೇಳಿದ ಹಿತವಾಗುತ್ತದೆ. ಒಂದು ಪದ ತೆಗೆದರೂ ಕೆಡುತ್ತದೆ, ಸೇರಿಸಿದರೂ ಕೆಡುತ್ತದೆ.

ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆ ಆಗಿನ್ನೂ ನಾಲ್ಕು ವರ್ಷದ ಕೂಸು. ಎಷ್ಟೋ ಕಡೆ ರೋಗಿಗಳ ದೊಡ್ಡ ಗುಂಪನ್ನೇ ಒಂದೇ ಹೊತ್ತಿಗೆ ಕರೆಸಿ ಕೂರಿಸುತ್ತಿದ್ದರು. ತಜ್ಞ ವೈದ್ಯರು ಒಂದು ಗಳಿಗೆಯೂ ಸುಮ್ಮನೆ ಕೂರಬಾರದು ಎಂಬುದೇ ಅದರ ಹಿಂದಿನ ಲೆಕ್ಕ. ಹಾಗಾದರೆ ಎಷ್ಟು ಜನ ಕಾದರೆ ಸಾಕು? ಇದನ್ನು ತಿಳಿಯಲು ನಿಜವಾದ ರೋಗಿಗಳನ್ನು ಹಿಂದುಮುಂದು ಮಾಡಿ ಪ್ರಯೋಗಿಸುವಂತಿಲ್ಲ. ಬೇಯ್ಲಿ ಕ್ಲಿನಿಕ್ಕನ್ನೇ ಕಾಗದದ ಮೇಲೆ ಕಟ್ಟಿದರು. ಯಾದೃಚ್ಛಿಕ ಸಂಖ್ಯೆಗಳನ್ನು ಹಿಡಿದು ಒಬ್ಬೊಬ್ಬ ಕಾಲ್ಪನಿಕ ರೋಗಿಗೂ ವೈದ್ಯರು ತೆಗೆದುಕೊಳ್ಳುವ ನಿಮಿಷಗಳನ್ನು ಹಂಚಿ, ಇಪ್ಪತ್ತೈದು ಜನರ ಒಂದು ಸರದಿ ಮುಗಿಸಿ, ಮತ್ತೆ ಹೊಸದಾಗಿ ಶುರುಮಾಡಿ, ಹೀಗೆ ಮತ್ತೆ ಮತ್ತೆ ನಡೆಸಿದರು. ಇಂದು ಕಂಪ್ಯೂಟರ್ ಕ್ಷಣಮಾತ್ರದಲ್ಲಿ ಮಾಡುವ ಸಿಮ್ಯುಲೇಶನ್ ಎಂದರೆ ಮೂಲದಲ್ಲಿ ಇದೇ.

ಇದರ ಸವಿ ಓದಿ ತಿಳಿಯುವಂಥದ್ದಲ್ಲ, ಕೈಯಾರೆ ಮಾಡಿ ನೋಡಬೇಕು. ಒಂದು ನಾಣ್ಯ, ಚೌಕಳಿ ಹಾಳೆ, ಪೆನ್ಸಿಲ್ ಸಾಕು. ಆರು ಜನ ರೋಗಿಗಳು, ಹತ್ತು ನಿಮಿಷಕ್ಕೊಬ್ಬರಂತೆ ಅಪಾಯಿಂಟ್‌ಮೆಂಟ್, ಎಲ್ಲರೂ ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ನಾಣ್ಯ ಚಿಮ್ಮಿ ಹೆಡ್ ಬಿದ್ದರೆ ವೈದ್ಯರ ಹತ್ತಿರ ಹದಿನೈದು ನಿಮಿಷ, ಟೇಲ್ ಬಿದ್ದರೆ ಐದು. ಸರಾಸರಿ ಹತ್ತೇ. ನನಗೆ ಬಿದ್ದದ್ದು ಟೇಲ್, ಟೇಲ್, ಹೆಡ್, ಹೆಡ್, ಟೇಲ್, ಹೆಡ್. ಒಟ್ಟು ಸರಿಯಾಗಿ ಒಂದು ಗಂಟೆಯ ಕೆಲಸ. ಆದರೆ ಮೊದಲಿನವರು ಐದು ನಿಮಿಷಕ್ಕೆ ಎದ್ದು ಹೋದರು, ಎರಡನೆಯವರು ಇನ್ನೂ ಬಂದಿಲ್ಲ, ವೈದ್ಯರು ಐದು ನಿಮಿಷ ಖಾಲಿ. ಎರಡನೆಯವರದೂ ಅದೇ ಕಥೆ, ಇನ್ನೊಂದು ಐದು ನಿಮಿಷ ಖಾಲಿ. ಮೂರನೆಯವರಿಂದ ಶುರುವಾಯಿತು ಎಳೆತ. ನಾಲ್ಕನೆಯವರು ಐದು ನಿಮಿಷ, ಐದನೆಯವರು ಹತ್ತು, ಆರನೆಯವರು ಐದು ನಿಮಿಷ ಕಾದರು. ಒಂದು ಗಂಟೆಯ ಕೆಲಸ ಮುಗಿಯಲು ಎಪ್ಪತ್ತು ನಿಮಿಷ.

ಇಲ್ಲಿ ಕಣ್ಣಿಟ್ಟು ನೋಡಬೇಕಾದ ಒಂದು ಸೂಕ್ಷ್ಮವಿದೆ. ಬೇಗ ಮುಗಿದು ಉಳಿದ ಐದು ನಿಮಿಷವನ್ನು ಡಬ್ಬಿಯಲ್ಲಿ ಹಾಕಿಟ್ಟು ಆಮೇಲೆ ಖರ್ಚು ಮಾಡಲು ಬರುವುದಿಲ್ಲ, ಮುಂದಿನವರು ಬಾಗಿಲಲ್ಲಿ ಇಲ್ಲದಿದ್ದರೆ ಅದು ಅಲ್ಲಿಗೇ ಆವಿ. ತಡವಾದ ಐದು ನಿಮಿಷ ಮಾತ್ರ ಆವಿಯಾಗದೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟುತ್ತಾ ಹೋಗುತ್ತದೆ. ಸರಾಸರಿ ಎಷ್ಟೇ ಸರಿಯಿದ್ದರೂ ಸಾಲು ಬೆಳೆಯುವುದು ಈ ಕಾರಣಕ್ಕೆ. ಯಾರದೂ ಸೋಮಾರಿತನವಲ್ಲ, ಯಾರದೂ ತಪ್ಪಲ್ಲ. ಇದು ಹೊಳೆದ ಗಳಿಗೆಯ ಸಂತೋಷವನ್ನು ನಾನು ಒಂದು ರಾಗದ ಸ್ವರೂಪ ಮೊದಲ ಸಲ ಕಿವಿಗೆ ಸಿಕ್ಕ ಗಳಿಗೆಯ ಪಕ್ಕದಲ್ಲಿ ಇಡುತ್ತೇನೆ.

ಈಗ ಅದೇ ನಾಣ್ಯದ ಸಾಲಿಗೆ ಬೇಯ್ಲಿ ನಿಯಮ ಹಾಕಿ. ಇಬ್ಬರು ಒಟ್ಟಿಗೆ ಬರುತ್ತಾರೆ, ಉಳಿದವರು ಹತ್ತು ಹತ್ತು ನಿಮಿಷಕ್ಕೆ. ಮೊದಲಿನವರು ಎದ್ದ ಕೂಡಲೇ ಎರಡನೆಯವರು ಒಳಗೆ. ಉಳಿದ ಐದು ನಿಮಿಷ ಆವಿಯಾಗಲಿಲ್ಲ, ಅದನ್ನು ಹಿಡಿದುಕೊಳ್ಳಲು ಬಾಗಿಲ ಬಳಿ ಒಬ್ಬರಿದ್ದರು! ವೈದ್ಯರಿಗೆ ಒಂದು ನಿಮಿಷವೂ ಖಾಲಿಯಿಲ್ಲ, ಗಂಟೆಯ ಕೆಲಸ ಗಂಟೆಗೇ ಮುಗಿಯಿತು. ಆರೂ ಜನ ಕಾದದ್ದನ್ನು ಕೂಡಿಸಿದರೆ ಮೊದಲು ಇಪ್ಪತ್ತು ನಿಮಿಷ, ಈಗ ಇಪ್ಪತ್ತೈದು. ಐದೇ ನಿಮಿಷ ಹೆಚ್ಚು.

ಇನ್ನೊಮ್ಮೆ ಚಿಮ್ಮಿದೆ. ಹೆಡ್, ಟೇಲ್, ಹೆಡ್, ಹೆಡ್, ಟೇಲ್, ಟೇಲ್. ಮೊದಲಿನವರೇ ಹದಿನೈದು ನಿಮಿಷ ತೆಗೆದುಕೊಂಡರು. ಈ ಸಾಲಿನಲ್ಲಿ ಒಬ್ಬೊಬ್ಬರನ್ನೇ ಕರೆದಿದ್ದರೂ ವೈದ್ಯರು ಖಾಲಿ ಕೂರುತ್ತಿರಲಿಲ್ಲ. ಇಬ್ಬರನ್ನು ಕರೆದದ್ದರಿಂದ ಬಂದ ಲಾಭ ಸೊನ್ನೆ. ಕಾಯುವಿಕೆ ಮಾತ್ರ ಒಟ್ಟು ಇಪ್ಪತ್ತೈದು ನಿಮಿಷದಿಂದ ಎಪ್ಪತ್ತೈದಕ್ಕೆ ಏರಿತು. ಮನಸ್ಸು ಚುರ್ ಎಂದಿತು. ಬೇಯ್ಲಿ ಒಂದೇ ಸರದಿಗೆ ನಿಲ್ಲದೆ ಸರದಿಯ ಮೇಲೆ ಸರದಿ ಬರೆದದ್ದು ಯಾಕೆಂದು ಈ ಎರಡನೆಯ ಸಾಲು ಹೇಳಿತು. ಒಂದು ದಿನ ನೋಡಿ ಕ್ಲಿನಿಕ್ಕಿನ ಗುಣ ಹೇಳಲಾಗದು, ಹಲವು ದಿನಗಳನ್ನು ಒಟ್ಟಿಗೆ ಹರಡಿಕೊಂಡು ನೋಡಬೇಕು. ಹಾಗೆ ನೋಡಿದಾಗ ಅವರಿಗೆ ಕಂಡದ್ದು ದೊಡ್ಡದು: ವೈದ್ಯರ ಹೊತ್ತು ಅಷ್ಟೇನೂ ಹಾಳಾಗದಂತೆಯೇ ರೋಗಿಗಳು ಕಾಯುವುದನ್ನು ಬಹಳಷ್ಟು ಇಳಿಸಬಹುದು. ಒಂದೇ ಹೊತ್ತಿಗೆ ಕರೆಸಿ ಕೂರಿಸಿದ ಆ ಗುಂಪಿನ ಬಹುಪಾಲು ಅನಗತ್ಯವಾಗಿತ್ತು.

ನನ್ನ ಮನಸ್ಸು ಮಾತ್ರ ಆ ಎರಡನೆಯವರ ಹತ್ತಿರವೇ ಸುತ್ತುತ್ತದೆ. ಇಡೀ ಗುಂಪು ಹೊರುತ್ತಿದ್ದ ಭಾರವನ್ನು ಕಡೆದು ಕಡೆದು ಬೇಯ್ಲಿ ಒಬ್ಬರಿಗೆ ಇಳಿಸಿದರು. ಆ ಒಬ್ಬರು ಬೇಗ ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಚೀಟಿ ಹಿಡಿದು ಕೂತಿದ್ದಾರೆ. ತಾನು ಕೂತದ್ದರಿಂದ ಏನು ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲ.

ಹಾಳೆಯ ಮೂರನೆಯ ಸಾಲಿಗೆ ನಾಣ್ಯ ಚಿಮ್ಮಿದೆ. ಹೆಡ್. ಅವರು ಹದಿನೈದು ನಿಮಿಷ ಕಾಯಬೇಕು.