ಕೊಮೊಡೊ ದ್ವೀಪದ ಎರಡು ಯಾತ್ರಾಗ್ರಂಥಗಳು

ಸಾಹಸಯಾತ್ರೆಯ ಗ್ರಂಥಗಳನ್ನು ಕೈಗೆತ್ತಿಕೊಂಡ ವಾಚಕರು ಸಿದ್ಧತೆಯ ಪುಟಗಳನ್ನು ಬೇಗಬೇಗನೆ ಮಗುಚಿ, ಹಡಗು ದಡ ಮುಟ್ಟುವ ಪುಟಕ್ಕೆ ಹೋಗುವುದುಂಟು. ಇದು ಸರಿಯಾದ ಓದಲ್ಲ. ದೂರದ ದ್ವೀಪಕ್ಕೆ ಹೊರಟವನು ಅಲ್ಲಿ ಏನನ್ನು ಕಾಣುವನೆಂಬುದು, ಅವನು ಮನೆಯಲ್ಲಿ ಕುಳಿತು ಏನೇನನ್ನು ಗಂಟು ಕಟ್ಟಿದನೆಂಬುದರಿಂದಲೇ ಬಹುಮಟ್ಟಿಗೆ ನಿರ್ಣಯವಾಗುತ್ತದೆ. ಒಂದೇ ದ್ವೀಪವನ್ನೂ ಒಂದೇ ಪ್ರಾಣಿಯನ್ನೂ ಕುರಿತು ಮೂವತ್ತು ವರ್ಷಗಳ ಅಂತರದಲ್ಲಿ ಹೊರಬಂದ ಎರಡು ಇಂಗ್ಲಿಷ್ ಗ್ರಂಥಗಳು ಇದಕ್ಕೆ ಒಳ್ಳೆಯ ನಿದರ್ಶನ. ಒಂದು, ಡಗ್ಲಸ್ ಬರ್ಡನ್ ಬರೆದ ‘ಡ್ರ್ಯಾಗನ್ ಲಿಜರ್ಡ್ಸ್ ಆಫ್ ಕೊಮೊಡೊ’ (1927). ಇನ್ನೊಂದು, ಡೇವಿಡ್ ಅಟೆನ್‌ಬರೊ ಬರೆದ ‘ಜೂ ಕ್ವೆಸ್ಟ್ ಫಾರ್ ಎ ಡ್ರ್ಯಾಗನ್’ (1957).

ಕೊಮೊಡೊ ಎಂಬುದು ಇಂಡೊನೇಷ್ಯದಲ್ಲಿ ಸುಂಬಾವ, ಫ್ಲೋರೆಸ್ ದ್ವೀಪಗಳ ನಡುವಣ ಒಣಗುಡ್ಡಗಳ ಸಣ್ಣ ದ್ವೀಪ. ಅಲ್ಲಿನ ಪ್ರಾಣಿಯು ನಮ್ಮ ಹೊಲದ ಬದುಗಳಲ್ಲಿರುವ ಉಡದ ದಾಯಾದಿಯೇ. ಆದರೆ ಹತ್ತಡಿಯವರೆಗೂ ಬೆಳೆದು ಜಿಂಕೆ, ಹಂದಿಗಳನ್ನು ಕೊಲ್ಲಬಲ್ಲದು. ವಿದ್ವತ್‌ಪ್ರಪಂಚಕ್ಕೆ ಇದರ ಪರಿಚಯವಾದುದು 1912ರಲ್ಲಿ, ಪೀಟರ್ ಔವೆನ್ಸನ ವರ್ಣನೆಯಿಂದ. ಉಡವೆಂದರೆ ಕುತೂಹಲ ಮಾತ್ರ. ಡ್ರ್ಯಾಗನ್ ಎಂದರೆ ಪುರಾಣದ ಭಯ. ಇಬ್ಬರು ಗ್ರಂಥಕರ್ತರೂ ಎರಡನೆಯ ಹೆಸರನ್ನೇ ಮುಖಪತ್ರದ ಮೇಲೆ ಇಟ್ಟಿರುವುದನ್ನು ಮರೆಯಬಾರದು.

ಬರ್ಡನ್ 1926ರಲ್ಲಿ ಹೊರಟುದು ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗಾಗಿ. ಸರೀಸೃಪಗಳನ್ನು ಬಲ್ಲ ವಿದ್ವಾಂಸ ಡನ್, ಇಂಡೋಚೀನದ ಬೇಟೆಗಾರ ಡಿಫಾಸ್, ಚಲಚ್ಚಿತ್ರ ತೆಗೆಯಲು ಲೀ ಫಾಯ್, ಜೊತೆಗೆ ಪತ್ನಿ ಕ್ಯಾಥರೀನ್; ಪ್ರಯಾಣಕ್ಕೆ ಡಚ್ ವಸಾಹತು ಸರ್ಕಾರವೇ ಒದಗಿಸಿದ ಹಡಗು. ಪ್ರತಿಯೊಬ್ಬರಿಗೂ ಒಂದೊಂದು ಕೆಲಸ, ಪ್ರತಿಯೊಂದು ಕೆಲಸಕ್ಕೂ ಒಂದೊಂದು ಸಾಧನ. ಫಲವೂ ಯೋಜನೆಗೆ ತಕ್ಕಂತೆಯೇ ಆಯಿತು: ಹನ್ನೆರಡು ಸತ್ತ ಉಡಗಳು, ಎರಡು ಜೀವಂತ ಉಡಗಳು. ಜೀವಂತವಾಗಿದ್ದವು ಬ್ರಾಂಕ್ಸ್ ಮೃಗಾಲಯದಲ್ಲಿ ಬಹುಕಾಲ ಬಾಳಲಿಲ್ಲ. ಗ್ರಂಥದಲ್ಲಿ ಉತ್ಸಾಹವಿದೆ, ಅಚ್ಚುಕಟ್ಟಿದೆ. ಆದರೆ ದ್ವೀಪವು ಬೇಟೆಯ ರಂಗಸ್ಥಳವಾಗಿ ನಿಲ್ಲುತ್ತದೆ. ಬರ್ಡನ್ನನ ಮಿತ್ರ ಮೇರಿಯನ್ ಕೂಪರ್ ಈ ಯಾತ್ರೆಯಿಂದ ಸ್ಫೂರ್ತಿ ಪಡೆದು 1933ರಲ್ಲಿ ‘ಕಿಂಗ್ ಕಾಂಗ್’ ಚಿತ್ರವನ್ನು ಮಾಡಿದುದು ಆಶ್ಚರ್ಯವಲ್ಲ. ಅದರ ಬೀಜ ಗ್ರಂಥದಲ್ಲಿಯೇ ಇದ್ದಿತು.

ಅಟೆನ್‌ಬರೊ 1956ರಲ್ಲಿ ಹೋದುದು ಛಾಯಾಗ್ರಾಹಕ ಚಾರ್ಲ್ಸ್ ಲಾಗಸ್ ಒಬ್ಬನನ್ನು ಜೊತೆಮಾಡಿಕೊಂಡು. ಜಕಾರ್ತದ ಕಚೇರಿಗಳಲ್ಲಿ ಪರವಾನಗಿಗಾಗಿ ಅಲೆದಾಟ. ಫ್ಲೋರೆಸಿನಲ್ಲಿ ಗೊತ್ತುಮಾಡಿದ ಹಾಯಿದೋಣಿಯ ಒಡೆಯನಿಗೋ ಕೊಮೊಡೊದ ದಾರಿಯೇ ತಿಳಿಯದು. ಈ ಎಡವಟ್ಟುಗಳನ್ನು ಲೇಖಕನು ಮುಚ್ಚಿಡದೆ ನಗುತ್ತ ಹೇಳುತ್ತಾನೆ. ಗ್ರಂಥದ ಅತ್ಯುತ್ತಮ ಪ್ರಸಂಗವೂ ಯೋಜನೆಗೆ ಹೊರಗಿನದೇ: ಸತ್ತ ಮೇಕೆಯನ್ನು ಮುಂದಿಟ್ಟು ಮರೆಯಲ್ಲಿ ಕಾದವರ ಬೆನ್ನ ಹಿಂದೆ ಉಡವು ಬಂದು ನಿಂತಿರುತ್ತದೆ. ನೋಡಲು ಹೋದವರನ್ನು ಪ್ರಾಣಿಯೇ ನೋಡಿದ ಆ ಕ್ಷಣಕ್ಕೆ ಬರ್ಡನ್ನನ ಸುವ್ಯವಸ್ಥೆಯಲ್ಲಿ ಎಡೆಯಿರಲಿಲ್ಲ.

ಹಾಗೆಂದು ಒಬ್ಬನನ್ನು ಕ್ರೂರಿಯೆಂದೂ ಇನ್ನೊಬ್ಬನನ್ನು ಸಾಧುವೆಂದೂ ವಿಂಗಡಿಸುವುದು ನ್ಯಾಯವಲ್ಲ. ಅಟೆನ್‌ಬರೊ ಹೊರಟುದೂ ಮೃಗಾಲಯಕ್ಕೆ ಪ್ರಾಣಿಗಳನ್ನು ತರುವುದಕ್ಕಾಗಿಯೇ. ಬೋರ್ನಿಯೊದಿಂದ ಒಂದು ಒರಾಂಗುಟಾನ್ ಮರಿಯನ್ನು ತಂದನು. ಕೊಮೊಡೊದಲ್ಲಿ ಬೋನು ಕಟ್ಟಿದನು, ಉಡವೂ ಬಿದ್ದಿತು. ಆದರೆ ಅದನ್ನು ದೇಶದಿಂದ ಸಾಗಿಸಲು ಇಂಡೊನೇಷ್ಯದ ಅಧಿಕಾರಿಗಳು ಒಪ್ಪಲಿಲ್ಲ. ಎರಡು ಗ್ರಂಥಗಳ ನಿಜವಾದ ಅಂತರವಿರುವುದು ಇಲ್ಲಿ. 1926ರಲ್ಲಿ ದ್ವೀಪದ ಒಡೆತನವಿದ್ದವರು ಪರದೇಶೀಯರು. ಅವರು ಹಡಗನ್ನೂ ಕೊಟ್ಟರು, ಉಡಗಳನ್ನೂ ಕೊಟ್ಟರು. 1956ರ ಹೊತ್ತಿಗೆ ನಾಡು ಸ್ವತಂತ್ರವಾಗಿದ್ದಿತು. ಕೂಡದೆಂದು ಹೇಳುವ ಹಕ್ಕು ಅದಕ್ಕೆ ಬಂದಿದ್ದಿತು. ಆ ಒಂದು ನಿರಾಕರಣೆಯಿಂದ ಯಾತ್ರೆಯ ಉದ್ದೇಶ ಕೆಟ್ಟಿತು, ಗ್ರಂಥವು ಗೆದ್ದಿತು. ಬರಿಗೈಯಲ್ಲಿ ಮರಳಿದವನು ಕಂಡುದನ್ನೇ ನೆಚ್ಚಿ ಬರೆಯಬೇಕಾಯಿತು.

1980ರಲ್ಲಿ ಕೊಮೊಡೊ ರಾಷ್ಟ್ರೀಯ ಉದ್ಯಾನವಾಯಿತು. 2021ರಲ್ಲಿ ಈ ಉಡವನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ಈಗ ಅಲ್ಲಿಗೆ ಹೋಗುವವನು ಕಾವಲುಗಾರನೊಡನೆ ನಡೆದು, ಕಂಡು, ಹಿಂದಿರುಗಬೇಕಷ್ಟೆ. ತರಬಹುದಾದುದು ಮಾತು ಮತ್ತು ಚಿತ್ರ ಮಾತ್ರ. ನಮ್ಮ ನುಡಿಯಲ್ಲಿ ಪ್ರವಾಸಕಥನ ಬರೆಯುವವರು ಈ ಎರಡು ಗ್ರಂಥಗಳನ್ನೂ ಜೊತೆಯಾಗಿಟ್ಟು ಓದುವುದು ಒಳ್ಳೆಯದು. ಹೋದ ಊರಿನ ವರ್ಣನೆಯಷ್ಟೇ ಸಾಲದು. ಏಕೆ ಹೊರಟೆವು, ಏನು ಹೊತ್ತು ಹೋದೆವು, ಯಾರ ಅಪ್ಪಣೆ ಬೇಡಿದೆವು, ಯಾವುದು ದೊರೆಯಲಿಲ್ಲ ಎಂಬುದನ್ನೂ ಹೇಳಬೇಕು. ಅದನ್ನು ಬಿಟ್ಟ ಕಥನದಲ್ಲಿ ಊರಿನ ಚಿತ್ರವಿರಬಹುದು. ನೋಡಿದವನ ಕಣ್ಣು ಎಂಥದೆಂಬುದು ವಾಚಕನಿಗೆ ತಿಳಿಯದೆ ಹೋಗುತ್ತದೆ.