ಹೆರಿಗೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ

ಸಾವಿರ ಮಕ್ಕಳು ಹುಟ್ಟಿದರೆ ಅವರಲ್ಲಿ 8–9 ಮಕ್ಕಳ ಹೃದಯದ ರಚನೆಯಲ್ಲೇ ದೋಷವಿರುತ್ತದೆ. ಗಂಭೀರವಾದ ದೋಷಗಳಲ್ಲಿ ಹಲವು ಐದನೇ ತಿಂಗಳ ಅನಾಮಲಿ ಸ್ಕ್ಯಾನಿನಲ್ಲೇ ಕಣ್ಣಿಗೆ ಬೀಳುತ್ತವೆ, ಫೀಟಲ್ ಎಕೋ ಮಾಡಿಸಿದರೆ ಖಚಿತವೂ ಆಗುತ್ತವೆ. ತಕರಾರಿರುವುದು ಆಮೇಲಿನ ಮಾತುಕತೆಯ ಬಗ್ಗೆ. ನಮ್ಮಲ್ಲಿ ಕೌನ್ಸೆಲಿಂಗ್ ಎನ್ನಿಸಿಕೊಳ್ಳುವುದು ಎಷ್ಟೋ ಸಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇಟ್ಕೊಳ್ತೀರಾ, ತೆಗೆಸ್ತೀರಾ?

ಈ ಅವಸರಕ್ಕೆ ಕಾನೂನಿನ ಗಡುವೂ ಒಂದು ಕಾರಣ. 2008ರಲ್ಲಿ ಮುಂಬೈನ ತಾಯಿಯೊಬ್ಬರು ಮಗುವಿನ ಹೃದಯದ ದೋಷದ ಕಾರಣಕ್ಕೇ ಗರ್ಭಪಾತಕ್ಕೆ ಅನುಮತಿ ಕೇಳಿ ಹೈಕೋರ್ಟಿಗೆ ಹೋಗಿದ್ದರು. ಆಗಿನ ಮಿತಿ 20 ವಾರ, ಅವರಿಗೆ ಅದು ದಾಟಿತ್ತು, ಅನುಮತಿ ಸಿಗಲಿಲ್ಲ. 2021ರ ತಿದ್ದುಪಡಿ ಇಂಥ ಪ್ರಕರಣಗಳಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. ಅದನ್ನೂ ದಾಟಿದರೆ ತೀರ್ಮಾನ ವೈದ್ಯಕೀಯ ಮಂಡಳಿಯದು. ಮಂಡಳಿಯಲ್ಲಿ ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಇರಲೇಬೇಕು ಎನ್ನುತ್ತದೆ ಕಾಯಿದೆ. ಮಕ್ಕಳ ಹೃದ್ರೋಗ ತಜ್ಞರ ಹೆಸರು ಆ ಪಟ್ಟಿಯಲ್ಲಿಲ್ಲ. ಸರ್ಕಾರ ಬೇಕೆಂದರೆ ಸೇರಿಸಿಕೊಳ್ಳಬಹುದು, ಅಷ್ಟೇ. ಹೃದಯದ ವಿಚಾರದಲ್ಲಿ ಇದು ವಿಚಿತ್ರವೇ.

ಆದರೆ ಬದುಕಿಸಬಹುದಾದ ಮಕ್ಕಳ ಪಾಲಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಹೆರಿಗೆ ಎಲ್ಲಿ ಎಂಬುದು. ಎರಡು ಮಹಾಧಮನಿಗಳು ಅದಲುಬದಲಾಗಿರುವ ಮಗುವನ್ನೇ ತೆಗೆದುಕೊಳ್ಳಿ. ಹೊಟ್ಟೆಯೊಳಗೆ ಅದಕ್ಕೆ ಏನೂ ಕಷ್ಟವಿಲ್ಲ. ಆಮ್ಲಜನಕ ಬರುವುದು ತಾಯಿಯಿಂದ. ಎರಡು ಧಮನಿಗಳ ನಡುವಿನ ಸಣ್ಣ ನಾಳವೂ ಮೇಲಿನ ಕೋಣೆಗಳ ನಡುವಿನ ಕಿಂಡಿಯೂ ತೆರೆದಿರುತ್ತವೆ. ಮಗು ಒದೆಯುತ್ತದೆ, ತೂಕ ಸರಿಯಿರುತ್ತದೆ, ಪ್ರತಿ ಚೆಕಪ್‌ನಲ್ಲೂ ‘ಹಾರ್ಟ್‌ಬೀಟ್ ಚೆನ್ನಾಗಿದೆ’ ಎಂದೇ ಕೇಳಿಸುತ್ತದೆ. ಹುಟ್ಟಿದ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಆ ನಾಳ ಮುಚ್ಚಿಕೊಳ್ಳತೊಡಗುತ್ತದೆ, ಮಗು ನೀಲಿಗಟ್ಟುತ್ತದೆ. ಕೂಡಲೇ ನಾಳವನ್ನು ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಡ್ರಿಪ್ ಹಾಕಿ, ಬೇಕಾದರೆ ಬಲೂನಿನಿಂದ ಕಿಂಡಿ ಹಿಗ್ಗಿಸಿ, ಮೊದಲ ಎರಡು ಮೂರು ವಾರಗಳಲ್ಲಿ ಧಮನಿಗಳನ್ನು ಸ್ವಸ್ಥಾನಕ್ಕೆ ಜೋಡಿಸಿದರೆ ಆ ಮಗು ಶಾಲೆಗೆ ಹೋಗುತ್ತದೆ, ಓಡಾಡುತ್ತದೆ. 1999ರಲ್ಲಿ ಪ್ಯಾರಿಸ್ಸಿನ ವೈದ್ಯರು ಪ್ರಕಟಿಸಿದ ಲೆಕ್ಕವಿದೆ: ಹುಟ್ಟಿದ ಮೇಲೆ ದೋಷ ಪತ್ತೆಯಾದ 250 ಶಿಶುಗಳಲ್ಲಿ 15 ಆಪರೇಷನ್ನಿಗೆ ಮುಂಚೆಯೇ ತೀರಿಕೊಂಡವು, ಗರ್ಭದಲ್ಲೇ ಪತ್ತೆಯಾದ 68ರಲ್ಲಿ ಒಂದೂ ಇಲ್ಲ.

ಈ ಲಾಭ ನಮಗೆ ದಕ್ಕಬೇಕಾದರೆ ಆ ಹೆರಿಗೆ ಜಯದೇವದಂಥ ಹೃದ್ರೋಗ ಆಸ್ಪತ್ರೆಗೆ ಕೂಗಳತೆಯಲ್ಲಿ ಆಗಬೇಕು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಬೆಂಗಳೂರಿನಲ್ಲಿ ಸ್ಕ್ಯಾನ್ ಆದವಳು ಸೀಮಂತ ಮುಗಿಸಿಕೊಂಡು ಯಾದಗಿರಿಯ ಬಸ್ಸು ಹತ್ತುತ್ತಾಳೆ. ಇಂಗ್ಲಿಷಿನ ಎಕೋ ರಿಪೋರ್ಟು ಫೈಲಿನೊಳಗೆ ಮಡಚಿಕೊಂಡಿರುತ್ತದೆ. ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ‘ಹೆರಿಗೆ ಇಂಥ ಕಡೆಯೇ ಆಗಬೇಕು’ ಎಂದು ಕನ್ನಡದಲ್ಲಿ ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ತವರಿನವರನ್ನೂ ಕೂರಿಸಿ ಮಾತಾಡದ ಕೌನ್ಸೆಲಿಂಗ್ ನನ್ನ ಮಟ್ಟಿಗೆ ಅರ್ಧಂಬರ್ಧದ್ದು.

ಚೆನ್ನಾಗಿ ಮಾಡುವವರೂ ಇದ್ದಾರೆ. ಅಂಥವರು ರಿಪೋರ್ಟನ್ನು ಬದಿಗಿಟ್ಟು ಬಿಳಿ ಹಾಳೆಯ ಮೇಲೆ ನಾಲ್ಕು ಕೋಣೆ ಬರೆಯುತ್ತಾರೆ. ಕೆಂಪು ಪೆನ್ನಿನಲ್ಲಿ ಒಂದು ಧಮನಿ, ನೀಲಿಯಲ್ಲಿ ಇನ್ನೊಂದು, ದೋಷವಿರುವಲ್ಲಿ ಒಂದು ಸುತ್ತು. ಹಾಳೆಯನ್ನು ತಾಯಿಯ ಕೈಗೇ ಕೊಡುತ್ತಾರೆ, ವಾರ ಬಿಟ್ಟು ಮತ್ತೆ ಕರೆಯುತ್ತಾರೆ. ಮೊದಲ ದಿನ ಅವಳ ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿದಿರುವುದಿಲ್ಲ. ತಾನಾಗಿ ಮುಚ್ಚಿಕೊಳ್ಳಬಹುದಾದ ಸಣ್ಣ ತೂತಿಗೂ, ಎಡಭಾಗವೇ ಬೆಳೆಯದೆ ಮೂರು ಆಪರೇಷನ್ ಬೇಡುವ ಹೃದಯಕ್ಕೂ ಇರುವ ಅಂತರ ಆ ಹಾಳೆಯಲ್ಲಿ ಕಾಣುತ್ತದೆ. ಆಯುಷ್ಮಾನ್ ಕಾರ್ಡಿನ ಮಾತು, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಚಿಕಿತ್ಸೆ ಕೊಡುತ್ತಾರೆಂಬ ಮಾತೂ ಆಗಲೇ ಬರಬೇಕು. ಹಣದ ಭಯಕ್ಕೇ ಎಷ್ಟೋ ನಿರ್ಧಾರಗಳು ಆಗಿಬಿಡುತ್ತವೆ.

‘ನಿಮ್ಮ ಮಗಳಾಗಿದ್ರೆ ಏನ್ ಮಾಡ್ತಿದ್ರಿ ಡಾಕ್ಟ್ರೇ?’ ಎಂಬ ಪ್ರಶ್ನೆಗೆ ‘ನಿಮ್ಮಿಷ್ಟ’ ಎನ್ನುವುದನ್ನು ಕೆಲವರು ತಟಸ್ಥತೆ ಎಂದುಕೊಂಡಿದ್ದಾರೆ. ಅದು ಜಾರಿಕೊಳ್ಳುವುದು. ನಿರ್ಧಾರವನ್ನು ಹೇರಬಾರದು, ಸರಿ. ಆದರೆ ಇಂಥ ಮಕ್ಕಳು ತಮ್ಮ ಆಸ್ಪತ್ರೆಯಲ್ಲಿ ಹೇಗೆ ಬದುಕಿದ್ದಾರೆ, ಎಷ್ಟು ಮಂದಿ ಉಳಿಯಲಿಲ್ಲ ಎಂಬುದನ್ನು ಹೇಳಲು ಅಡ್ಡಿಯೇನು?

ಹೊರಗೆ ಬೆಂಚಿನ ಮೇಲೆ ಇನ್ನೊಂದು ವಿಚಾರಣೆ ನಡೆದಿರುತ್ತದೆ. ಗ್ರಹಣದ ದಿನ ಹೊರಗೆ ಬಂದಿದ್ದಳು, ಪಪ್ಪಾಯ ತಿಂದಿದ್ದಳು. ಬಹುಪಾಲು ಪ್ರಕರಣಗಳಲ್ಲಿ ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗದು. ಗರ್ಭಕ್ಕೆ ಮುಂಚಿನಿಂದಲೇ ಇರುವ ಸಕ್ಕರೆ ಕಾಯಿಲೆ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಆಗುವ ರಕ್ತಸಂಬಂಧದ ಮದುವೆ ಇವು ಅಪಾಯ ಹೆಚ್ಚಿಸುತ್ತವೆ, ನಿಜ. ಆ ಮದುವೆಯನ್ನು ನಿಶ್ಚಯಿಸಿದವರು ಸಾಮಾನ್ಯವಾಗಿ ಅದೇ ಬೆಂಚಿನ ಮೇಲೆ ಕೂತ ಹಿರಿಯರು. ತಪ್ಪು ಅವಳದಲ್ಲ ಎಂಬುದನ್ನು ವೈದ್ಯರು ಗಂಡನ, ಅತ್ತೆಯ ಎದುರಿಗೇ ಹೇಳಬೇಕು.

ಗರ್ಭ ತೆಗೆಸಿದವಳನ್ನಂತೂ ಈ ಪದ್ಧತಿ ಪೂರಾ ಮರೆಯುತ್ತದೆ. ಫೈಲು ಮುಚ್ಚಿತು, ಅಷ್ಟೇ. ಎದೆಹಾಲು ಇಳಿಯುತ್ತದೆ, ಅದಕ್ಕೇನು ಮಾಡಬೇಕೆಂದು ಯಾರೂ ಹೇಳಿರುವುದಿಲ್ಲ. ಮುಂದಿನ ಮಗುವಿಗೂ ಹೀಗಾಗುವ ಸಂಭವ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಎಂಬ ಸಮಾಧಾನದ ಲೆಕ್ಕವೂ, ಆಗ ಫೀಟಲ್ ಎಕೋ ತಪ್ಪದೆ ಮಾಡಿಸಬೇಕೆಂಬ ಸೂಚನೆಯೂ ಡಿಸ್ಚಾರ್ಜ್ ಚೀಟಿಯಲ್ಲಿ ಇರುವುದಿಲ್ಲ.