ನಾಲ್ಕನೆಯ ಸಿಲಿಂಡರ್

ಮಾರುತಿ ವ್ಯಾನಿಗೆ ಬಾನೆಟ್ ಇಲ್ಲ. ಮುಂದಿನ ಸೀಟು ಎತ್ತಿದರೆ ಅಲ್ಲೇ, ಕೂತವರ ತೊಡೆಯ ಕೆಳಗೇ, ಇಂಜಿನ್. ಬೇರೆ ಕಾರುಗಳಲ್ಲಿ ಇಂಜಿನ್ ಮುಂದೆಲ್ಲೋ ಮುಚ್ಚಿಟ್ಟ ವಸ್ತು. ಇಲ್ಲಿ ಅದು ಕೂಡುಕುಟುಂಬದ ಪಡಸಾಲೆಯಲ್ಲಿ ಕೂತ ಅಜ್ಜನ ಹಾಗೆ ಎಲ್ಲರ ನಡುವೆಯೇ ಇರುತ್ತದೆ. ಅದು ಕೆಮ್ಮಿದರೆ ಎಲ್ಲರಿಗೂ ಕೇಳುತ್ತದೆ, ಅದಕ್ಕೆ ಮೈ ಬಿಸಿಯಾದರೆ ಎಲ್ಲರಿಗೂ ತಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಜಗಳೂರಿನ ರಸ್ತೆಯಲ್ಲಿ ಹಳೇ ವ್ಯಾನಿನ ಮುಂದಿನ ಸೀಟಲ್ಲಿ ಕೂತು ಬಂದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿಯೇ ಈ ಗಾಡಿಗೆ ಇಂಜಿನ್ ಬದಲಿಸುವುದೆಂದರೆ ಬರೀ ಯಂತ್ರದ ಕೆಲಸ ಆಗುವುದಿಲ್ಲ. ಅದರಲ್ಲಿ ಪ್ರಯಾಣ ಮಾಡುವುದರ ಅನುಭವವೇ ಬದಲಾಗುತ್ತದೆ.

1984ರಲ್ಲಿ ಬಂದಾಗ ಅದರ ಹೆಸರು ಬರೀ ಮಾರುತಿ ವ್ಯಾನ್. ಓಮ್ನಿ ಅನ್ನುವ ಹೆಸರು ಬಂದದ್ದು 1988ರಲ್ಲಿ. ನಮ್ಮ ಕಡೆ ಮಾತ್ರ ಕೊನೆಯವರೆಗೂ ಅದು ‘ವ್ಯಾನು’ ಆಗಿಯೇ ಉಳಿಯಿತು. 2019ರಲ್ಲಿ ಹೊಸ ಸುರಕ್ಷತಾ ನಿಯಮಗಳ ಹೊತ್ತಿಗೆ ಕಂಪನಿ ಅದನ್ನು ನಿಲ್ಲಿಸಿತು. ಅಷ್ಟರಲ್ಲಿ ಸಿನಿಮಾದವರು ಅದನ್ನು ಕಿಡ್ನ್ಯಾಪ್ ಮಾಡುವವರ ಗಾಡಿ ಮಾಡಿ ಮರ್ಯಾದೆ ಕಳೆದಿದ್ದರು. ಊರಿನವರು ಅದಕ್ಕೆ ಬೇರೆಯೇ ಕೆಲಸ ಕೊಟ್ಟಿದ್ದರು. ಚನ್ನಗಿರಿಯಲ್ಲಿ ಅಡಿಕೆ ಚೀಲ, ಹೊನ್ನಾಳಿಯಲ್ಲಿ ಶಾಲೆ ಮಕ್ಕಳು, ಜಗಳೂರಿನಲ್ಲಿ ಸಂತೆಯ ಸಾಮಾನು. ಫೆಬ್ರವರಿ ಬಂತೆಂದರೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಬಂಜಾರರ ಸಂತ ಸೇವಾಲಾಲರ ಜಯಂತಿ. ಕೂರುವ ಲೆಕ್ಕವನ್ನೇ ಮರೆತು ಜನ ತುಂಬಿದ ವ್ಯಾನುಗಳು ಆ ದಾರಿ ಹಿಡಿಯುತ್ತವೆ. ಬಾಗಿಲು ಸರಿಸಿ ಎಳೆದಾಗ ಬರುವ ಆ ದಡಾರ್ ಸದ್ದಿಗೆ ಒಂದು ತಲೆಮಾರಿನ ಮಕ್ಕಳು ಬೆಳಿಗ್ಗೆ ಎದ್ದು ಓಡಿದ್ದಾರೆ.

ಇಷ್ಟೆಲ್ಲ ಹೊತ್ತದ್ದು 796 ಸಿಸಿಯ ಮೂರು ಸಿಲಿಂಡರ್ ಇಂಜಿನ್. ಅದನ್ನು ಹಳಿಯುವುದು ಕೃತಘ್ನತೆ. ಆದರೂ ತುಂಬಿದ ವ್ಯಾನು ಏರು ಹತ್ತುವಾಗ ಅದರ ದನಿ ಕೇಳಿದವರಿಗೆ ಒಂದು ಸಂಕಟ ಗೊತ್ತಿರುತ್ತದೆ. ಮೂರನೇ ಗೇರಿನಲ್ಲಿ ಉಸಿರು ಕಟ್ಟುತ್ತದೆ, ಎರಡಕ್ಕೆ ಇಳಿಸಿದರೆ ಕಿರುಚುತ್ತದೆ. ನಡುವೆ ನೆಮ್ಮದಿಯ ಜಾಗವೇ ಇಲ್ಲ.

ಇಂಜಿನ್ ಬದಲಿಸುವ ಚಾಳಿ ಈ ಸೀಮೆಗೆ ಹೊಸದಲ್ಲ. ಪೆಟ್ರೋಲ್ ಜೀಪು, ಅಂಬಾಸಿಡರುಗಳ ಹೊಟ್ಟೆಗೆ ಡೀಸೆಲ್ ಇಂಜಿನ್ ಇಳಿಸಿದ ಕಾಲ ಒಂದಿತ್ತು. ಬಜಾಜ್ ಟೆಂಪೊ ಕಂಪನಿ ಮರ್ಸಿಡಿಸ್ ಲೈಸೆನ್ಸಿನಲ್ಲಿ ಮಾಡುತ್ತಿದ್ದ 2399 ಸಿಸಿಯ ಓಎಂ 616 ಇಂಜಿನ್ನಿಗೆ ಹಳೇ ಮೇಸ್ತ್ರಿಗಳು ಇವತ್ತಿಗೂ ಕೈ ಮುಗಿಯುತ್ತಾರೆ. ಆದರೆ ಅದು ಡೀಸೆಲ್ ಉಳಿತಾಯದ ಲೆಕ್ಕಾಚಾರ, ಅದರಲ್ಲಿ ರಸಕ್ಕಿಂತ ಹೊಟ್ಟೆಪಾಡು ಹೆಚ್ಚು. ನಾನು ಹೇಳಹೊರಟದ್ದು ಚನ್ನಗಿರಿ ಹತ್ತಿರದ ಒಂದು ಅಡಿಕೆ ಕಣದಲ್ಲಿ ನಡೆದ ಕೆಲಸ. ಕೆಎ-14 ಫಲಕದ ಹಳೇ ವ್ಯಾನು ಅದು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ಮುಂಚೆ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗಕ್ಕೆ ಸೇರಿದ್ದವು. ಆ ಹಳೇ ನಂಟು ಇಂಥ ಫಲಕಗಳಲ್ಲಿ ಇನ್ನೂ ಉಳಿದಿದೆ. ಮಾಲೀಕರಿಗೆ ಹೊಸ ಗಾಡಿ ಕೊಳ್ಳಲು ಆಗದೆ ಅಲ್ಲ. ಅವರ ಮಗಳು ಶಾಲೆಗೆ ಹೋದ ವ್ಯಾನು ಇದು. ಅದರ ಮೈ ಇರಲಿ, ಉಬ್ಬಸ ಹೋಗಲಿ, ಅನ್ನುವುದಷ್ಟೇ ಅವರ ಆಸೆ.

ಅವರು ಆರಿಸಿದ್ದು ಹಳೇ ಜಿಪ್ಸಿಯ 970 ಸಿಸಿ ಇಂಜಿನ್. ಜಾಣ ಆಯ್ಕೆ. ಸುಜುಕಿ ಕಂಪನಿಯ ಎಫ್ ಕುಟುಂಬದಲ್ಲಿ ವ್ಯಾನಿನದು ಎಫ್‌8ಬಿ, 1985ರಲ್ಲಿ ಬಂದ ಜಿಪ್ಸಿಯದು ಎಫ್‌10ಎ. ಒಂದೇ ತಾಯಿಯ ಮಕ್ಕಳು. ಎರಡರಲ್ಲೂ ಪಿಸ್ಟನ್ ಓಡಾಡುವ ದೂರ 72 ಮಿಲಿಮೀಟರೇ. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, ನೋಡಿ: ಚಿಕ್ಕ ಇಂಜಿನ್ನಿನದು 68.5 ಮಿಲಿಮೀಟರ್, ದೊಡ್ಡದರದು 65.5. ತಪ್ಪಿ ಅದಲುಬದಲು ಬರೆದದ್ದಲ್ಲ. ಮೂರು ಸಿಲಿಂಡರಿನದರಲ್ಲಿ ಒಂದೊಂದು 265 ಸಿಸಿ; ನಾಲ್ಕರದರಲ್ಲಿ ಒಂದೊಂದು 243ರ ಹತ್ತಿರ. ದೊಡ್ಡ ಇಂಜಿನ್ ದೊಡ್ಡ ತುತ್ತು ನುಂಗುವುದಿಲ್ಲ. ಸಣ್ಣ ತುತ್ತನ್ನೇ ಹೆಚ್ಚು ಸಲ ನುಂಗುತ್ತದೆ. ನನಗೆ ಈ ಇಡೀ ವ್ಯವಹಾರದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು.

ಈ ಜೋಡಿ ಹೊಸತೂ ಅಲ್ಲ. ನಮ್ಮ ವ್ಯಾನಿನ ಮೂಲ, 1979ರಲ್ಲಿ ಜಪಾನಿನಲ್ಲಿ ಬಂದ ಸುಜುಕಿ ಕ್ಯಾರಿ. ಅದನ್ನು ಬೇರೆ ದೇಶಗಳಿಗೆ ಕಳಿಸುವಾಗ ಕಂಪನಿಯವರೇ 970 ಸಿಸಿ ಇಂಜಿನ್ ಕೂರಿಸಿ, ಎಸ್‌ಟಿ100 ಎಂದು ಕರೆದು ಮಾರಿದ್ದರು. ನಮಗೆ ಸಿಕ್ಕದ್ದು ಚಿಕ್ಕದು. ಅಂದರೆ ಅಡಿಕೆ ಕಣದ ಮೇಸ್ತ್ರಿ ಮಾಡಿದ್ದು ಒಂದು ರೀತಿಯಲ್ಲಿ ಬಾಕಿ ವಸೂಲಿ.

ಇಂಜಿನ್ ಬಂದ ದಾರಿಯೂ ಸ್ವಾರಸ್ಯದ್ದೇ. ಕಾಡುಮೇಡು ಸುತ್ತುವ ಶೋಕಿಯ ಹುಡುಗರಿಗೆ ಜಿಪ್ಸಿಯ 970 ಸಾಲದು. ಅವರು ಅದನ್ನು ಕಿತ್ತು 1.3 ಲೀಟರಿನದು ಹಾಕುತ್ತಾರೆ. ಕಿತ್ತದ್ದು ಬೆಂಗಳೂರಿನ ಶಿವಾಜಿನಗರದ ಗುಜರಿಗೋ, ಯಾವುದೋ ಗ್ಯಾರೇಜಿನ ಮೂಲೆಗೋ ಸೇರುತ್ತದೆ. ಒಬ್ಬನಿಗೆ ಸಾಲದೆ ಬಿಟ್ಟದ್ದು ಇನ್ನೊಬ್ಬನಿಗೆ ಬೇಕಾಗಿದ್ದೇ. ಹೀಗೆ ಬಂದ ಇಂಜಿನ್ನನ್ನು ಮೇಸ್ತ್ರಿ ನಂಬಲಿಲ್ಲ. ಹೆಡ್ ಬಿಚ್ಚಿ, ಬೋರಿನೊಳಗೆ ಬೆರಳಾಡಿಸಿ, ಉಗುರಿಗೆ ಗೆರೆ ಸಿಗುತ್ತದಾ ಎಂದು ನೋಡಿದರು. ಪಿಸ್ಟನ್ ರಿಂಗು, ಬೇರಿಂಗು, ವಾಲ್ವ್ ಸೀಲು, ಟೈಮಿಂಗ್ ಬೆಲ್ಟು ಎಲ್ಲ ಹೊಸದಾದವು. ವಾಲ್ವುಗಳನ್ನು ಪೇಸ್ಟು ಹಚ್ಚಿ ಕೈಯಲ್ಲೇ ಕಡೆದರು. ಎರಡೂ ಅಂಗೈ ನಡುವೆ ಕೋಲು ಹಿಡಿದು ಉಜ್ಜುತ್ತ, ಆಗಾಗ ಎತ್ತಿ ಬೆಳಕಿಗೆ ಹಿಡಿದು ನೋಡುತ್ತ. ವಾಲ್ವಿನ ಅಂಚಿಗೆ ಬೂದುಬಣ್ಣದ ಒಂದು ಉಂಗುರ ಎಲ್ಲೂ ತುಂಡಾಗದಂತೆ ಮೂಡಿದ ಮೇಲೆ ಮಾತ್ರ ಕೆಳಗಿಟ್ಟರು. ಅವಸರದ ಗ್ಯಾರೇಜುಗಳಲ್ಲಿ ಈ ಉಂಗುರವನ್ನು ನೋಡಲು ಯಾರಿಗೆ ಪುರುಸೊತ್ತು?

ಅಡಿಕೆ ಕೊಯ್ಲು ಮುಗಿದಿತ್ತು, ಕಣ ಖಾಲಿ. ಸಿಮೆಂಟಿನ ಸಮತಟ್ಟು ನೆಲ, ಅಡಿಕೆ ಬೇಯಿಸುವ ಶೆಡ್ಡಿನ ಕಬ್ಬಿಣದ ತೊಲೆ, ಅದಕ್ಕೆ ನೇತುಬಿಟ್ಟ ಚೈನ್ ಬ್ಲಾಕು. ಕಾರಿನಲ್ಲಾದರೆ ಇಂಜಿನ್ನನ್ನು ಮೇಲಕ್ಕೆ ಎತ್ತುತ್ತಾರೆ. ವ್ಯಾನಿನಲ್ಲಿ ಅದು ಕೆಳಕ್ಕೆ ಇಳಿಯುತ್ತದೆ. ಫೌಂಡೇಶನ್ ಬೋಲ್ಟು, ಪೈಪು, ವೈರು, ಆಕ್ಸಿಲರೇಟರ್ ಕೇಬಲ್ಲು ಎಲ್ಲ ಬಿಡಿಸಿ, ಹಳೇ ಇಂಜಿನ್ನನ್ನು ಚಕ್ರದ ಹಲಗೆಯ ಮೇಲೆ ಕೂರಿಸಿ, ಗಾಡಿಯ ಮುಂಭಾಗವನ್ನೇ ಸರಪಳಿಯಿಂದ ಮೇಲೆತ್ತಿದರು. ಇಂಜಿನ್ ಇದ್ದಲ್ಲೇ ಉಳಿಯಿತು, ವ್ಯಾನು ಅದರ ಮೇಲಿಂದ ಎದ್ದು ಹೋಯಿತು. ನೋಡಲು ಬಂದಿದ್ದ ಅಕ್ಕಪಕ್ಕದವರಲ್ಲಿ ಒಬ್ಬರು, “ಗಾಡಿ ಇಂಜಿನ್ನನ್ನ ಬಿಟ್ಟು ಎದ್ದು ನಡೀತಲ್ರೀ” ಅಂದರು.

ಅಲ್ಲಿಂದ ಮುಂದೆ ನಾಲ್ಕು ಬೆರಳಿನ ಜಗಳ. ಒಂದು ಸಿಲಿಂಡರ್ ಹೆಚ್ಚಾದರೆ ಇಂಜಿನ್ ಅಷ್ಟು ಉದ್ದವಾಗುತ್ತದೆ. ಬೆಲ್ಟಿನ ಪುಲ್ಲಿ ಮುಂದೆ ಎಲ್ಲಿ ತಾಗುತ್ತದೆ, ಸಂಪ್ ಯಾವ ಅಡ್ಡಪಟ್ಟಿಗೆ ಬಡಿಯುತ್ತದೆ, ಏರ್ ಫಿಲ್ಟರಿಗೆ ಸೀಟಿನ ಕೆಳಗೆ ಜಾಗ ಎಲ್ಲಿ — ಇದನ್ನೆಲ್ಲ ಮೇಸ್ತ್ರಿ ಟೇಪಿನಿಂದ ಅಳೆದದ್ದು ಕಡಿಮೆ. ರಟ್ಟು ಕತ್ತರಿಸಿ, ಇಟ್ಟು ನೋಡಿ, ಮತ್ತೆ ಕತ್ತರಿಸಿ, ಆ ರಟ್ಟನ್ನೇ ತಗಡಿನ ಮೇಲಿಟ್ಟು ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಫೌಂಡೇಶನ್ ರಬ್ಬರಿನ ಹೊಸ ಕಾಲುಗಳು ದಪ್ಪ ಕಬ್ಬಿಣದ ತಗಡಿನಿಂದ ಬಂದವು. ಮೊದಲು ಚುಕ್ಕೆ ವೆಲ್ಡಿಂಗ್ ಮಾತ್ರ. ಇಂಜಿನ್ ಒಂದು ರಾತ್ರಿ ತನ್ನ ಭಾರದಲ್ಲೇ ಕೂತು, ರಬ್ಬರು ತಗ್ಗಿ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲರ್ ಶಾಫ್ಟಿನ ಓರೆ ಸರಿಯಿದೆ ಎಂದು ಕಂಡ ಮೇಲೆ ಪೂರ್ತಿ ವೆಲ್ಡಿಂಗ್. ಆ ಓರೆ ತಪ್ಪಿದರೆ ಇಂಜಿನ್ ಎಷ್ಟೇ ಸೊಗಸಾಗಿದ್ದರೂ ಗಾಡಿ ಹಿಂದಿನಿಂದ ಗುಂಯ್‌ಗುಡುತ್ತದೆ, ಜಾಯಿಂಟುಗಳು ಬೇಗ ಸವೆಯುತ್ತವೆ. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಕಟ್ಟುವಾಗ ಮಧ್ಯ ಸರಿಯಾಗಿರಲೆಂದು ಹಳೇ ಗೇರ್‌ಬಾಕ್ಸಿನ ಶಾಫ್ಟನ್ನೇ ತೂರಿಸಿ ಹಿಡಿದಿದ್ದರು. ಅದನ್ನು ಆಮೇಲೆ ಎಳೆದಾಗ ಬೆಣ್ಣೆಯಲ್ಲಿ ಸಿಕ್ಕಿಸಿದ್ದಷ್ಟು ಸಲೀಸಾಗಿ ಈಚೆ ಬಂತು. ಮೇಸ್ತ್ರಿಯ ಮುಖದಲ್ಲಿ ನಗು ಕಂಡದ್ದು ಆಗಲೇ.

ರೇಡಿಯೇಟರಿನ ವಿಷಯ ಬೇಗ ಹೇಳಿಬಿಡುತ್ತೇನೆ. ಅದು ಮುಂದೆ, ಇಂಜಿನ್ ಸೀಟಿನ ಕೆಳಗೆ. ನಡುವಿನ ಉದ್ದ ಪೈಪಿನಲ್ಲಿ ಗಾಳಿ ನಿಂತರೆ ನೀರು ಓಡುವುದಿಲ್ಲ. ಗಾಡಿಯ ಮೂತಿ ಎತ್ತಿ ನಿಲ್ಲಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ನೀರು ತುಂಬಿಸುವ ಸಹನೆ ಬೇಕು. ದಪ್ಪನೆಯ ರೇಡಿಯೇಟರನ್ನೂ ಹಾಕಿದರು.

ಪಾಯಿಂಟ್ ಸೆಟ್ ಮಾಡಿ, 1-3-4-2 ಅಂತ ಬಾಯಲ್ಲಿ ಹೇಳಿಕೊಳ್ಳುತ್ತಲೇ ಪ್ಲಗ್ ವೈರು ಸಿಕ್ಕಿಸಿ, ಚೋಕ್ ಎಳೆದು ಕೀ ತಿರುಗಿಸಿದರು. ಹೊಗೆ, ಕೆಮ್ಮು, ಮತ್ತೆ ಹೊಗೆ. ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಇಂಜಿನ್ ನಿಂತುಕೊಂಡಿತು. ನಮ್ಮ ಮೇಸ್ತ್ರಿಗಳು ‘ನಿಂತುಕೊಳ್ತು’ ಅನ್ನುವುದು ಅದು ಸ್ಲೋನಲ್ಲಿ ತಾನಾಗಿ, ಯಾರ ಕಾಲಿನ ಹಂಗಿಲ್ಲದೆ ಓಡತೊಡಗಿದಾಗ.

ಆ ಸ್ಲೋ ಕೇಳಬೇಕು. ಮೂರು ಸಿಲಿಂಡರಿನ ಇಂಜಿನ್ನಿನಲ್ಲಿ ಒಂದು ಸಿಡಿತದಿಂದ ಇನ್ನೊಂದಕ್ಕೆ 240 ಡಿಗ್ರಿ ಅಂತರ, ನಾಲ್ಕರದರಲ್ಲಿ 180. ನಿಮಿಷಕ್ಕೆ 900 ಸುತ್ತಿನಲ್ಲಿ ಸೆಕೆಂಡಿಗೆ ಇಪ್ಪತ್ತೆರಡು ಚಿಲ್ಲರೆ ಸಿಡಿತ ಇದ್ದದ್ದು ಮೂವತ್ತಾಗುತ್ತದೆ. ಮೂರರದರಲ್ಲಿ ಎರಡು ತುದಿಯ ಪಿಸ್ಟನ್‌ಗಳ ಸೆಳೆತ ಒಂದನ್ನೊಂದು ತೂಗುವುದಿಲ್ಲ, ಇಂಜಿನ್ ಮುಂದಕ್ಕೂ ಹಿಂದಕ್ಕೂ ತಲೆದೂಗುತ್ತದೆ. ನಾಲ್ಕರದರಲ್ಲಿ ಅಂಚಿನ ಎರಡು ಮೇಲೇರಿದಾಗ ನಡುವಿನ ಎರಡು ಕೆಳಗೆ. ಈ ಲೆಕ್ಕವನ್ನು ಗೊತ್ತಿಲ್ಲದವರಿಗೂ ಹೇಳಿದ್ದು ಕನ್ನಡಿ. ಹಳೇ ವ್ಯಾನಿನ ಒಳಗನ್ನಡಿಯಲ್ಲಿ, ಸಿಗ್ನಲ್ಲಿನಲ್ಲಿ ನಿಂತಾಗ, ಹಿಂದಿನ ಬೈಕಿನವನ ಮುಖ ಯಾವತ್ತೂ ಕಲಸಿಹೋಗಿರುತ್ತಿತ್ತು. ಈಗ ಅದರಲ್ಲಿ ಕಣದಂಚಿನ ತೆಂಗಿನ ಗರಿಗಳು ಎಣಿಸುವಷ್ಟು ಸ್ಪಷ್ಟ. ಗೇರ್ ಕಡ್ಡಿಯ ಗುಂಡಿ ಮೊದಲು ಕೈ ಇಟ್ಟರೆ ಜುಮ್ಮೆನ್ನುತ್ತಿತ್ತು, ಈಗ ಒಂದು ಸಣ್ಣ ಬಿಸುಪು ಮಾತ್ರ. ಮಾಲೀಕರು ಸೀಟು ಎತ್ತಿ ಕೆಳಗೆ ನೋಡುತ್ತ ನಿಂತೇ ಇದ್ದರು. ಚಹಾ ಆರಿಹೋಯಿತು.

ಆಮೇಲೆ ಚೀಲ ಹೇರಿ ಸೂಳೆಕೆರೆ ಕಡೆ ಹೊರಟೆವು. ಶಾಂತಿಸಾಗರ ಎಂದು ಫಲಕ ಬರೆದರೂ ಜನರ ಬಾಯಲ್ಲಿ ಅದು ಸೂಳೆಕೆರೆಯೇ. ಏರು ಬಂದಲ್ಲಿ ಕೈ ಅಭ್ಯಾಸಬಲದಿಂದ ಗೇರಿಗೆ ಹೋಯಿತು, ಗೇರು ಬೇಕಾಗಲಿಲ್ಲ. ಟಾಪಿನಲ್ಲೇ, ದನಿ ಕೊಂಚ ತಗ್ಗಿಸಿ, ಗಾಡಿ ಹತ್ತಿತು. ಕಾಗದದ ಮೇಲೆ ಈ ವ್ಯತ್ಯಾಸ ಎಂಟು ಕುದುರೆಶಕ್ತಿಯ ಆಸುಪಾಸು, ಮೂವತ್ತೇಳರ ಜಾಗಕ್ಕೆ ನಲವತ್ತೈದು. ಇವತ್ತಿನ ಕಾರುಗಳ ಲೆಕ್ಕದಲ್ಲಿ ಯಾರೂ ಮೂಸಿ ನೋಡದ ಅಂಕಿ. ಆದರೆ ಇಂಜಿನ್ನಿನ ಸುಖ ಅದು ಕೊಡುವ ಶಕ್ತಿಯಲ್ಲಿಲ್ಲ, ಕೊಡದೆ ಉಳಿಸಿಕೊಂಡದ್ದರಲ್ಲಿದೆ ಎಂದು ನನಗೆ ಅನ್ನಿಸಿದ್ದು ಆ ಏರಿನಲ್ಲಿ. ಒಳ್ಳೆಯ ಗಾಯಕ ತಾರಸ್ಥಾಯಿಗೆ ಹೋದಾಗಲೂ ಕೇಳುವವರಿಗೆ ಗಂಟಲಿನ ಚಿಂತೆ ಆಗಬಾರದು. ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆ ಮೇಲೆ ಒಂದೇ ಹದದಲ್ಲಿ ಹೋಗುವಾಗ ಒಳಗೆ ಕೂತವರು ದನಿ ಎತ್ತದೆ ಮಾತಾಡಿದರು. ಜಗಳೂರಿನ ಬಯಲಲ್ಲಿ ಎದುರುಗಾಳಿ ಬಂದಾಗಲೂ ಮೀಟರಿನ ಮುಳ್ಳು ಹಿಂಜರಿಯಲಿಲ್ಲ.

ವೇಗದ ಮಾತೆತ್ತಿದವರನ್ನು ಮೇಸ್ತ್ರಿ ಗದರಿಸಿದರು, ನನಗೂ ಅದೇ ಸರಿ ಕಂಡಿತು. ಹನ್ನೆರಡು ಇಂಚಿನ ಚಕ್ರ, ಎತ್ತರದ ಮೈ, ಕೂತವರ ಮೊಣಕಾಲಿನ ಮುಂದೆ ತಗಡು ಬಿಟ್ಟರೆ ಏನೂ ಇಲ್ಲ. ಈ ಗಾಡಿಯನ್ನು ಎಂಬತ್ತರ ಮೇಲೆ ಓಡಿಸುವವರಿಗೆ ಇಂಜಿನ್ ಬದಲು ಬುದ್ಧಿ ಹಾಕಿಸಬೇಕು. ಬ್ರೇಕುಗಳನ್ನು ಇಂಜಿನ್ನಿಗಿಂತ ಮುಂಚೆಯೇ ಹೊಸದು ಮಾಡಿಸಿದ್ದರು.

ಕಾಗದಪತ್ರದ ಭಾಗ ರಸಹೀನ, ಆದರೂ ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ಸ್ವರೂಪ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಗಟ್ಟಿ ಮಾಡಿತು. ಆರ್‌ಟಿಒ ಒಪ್ಪಿಗೆ ಇಲ್ಲದೆ, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರು ಸೇರದೆ ಇಂಥ ಗಾಡಿಯನ್ನು ರಸ್ತೆಗಿಳಿಸಿದರೆ ವಿಮೆಯೂ ಕೈಕೊಡುತ್ತದೆ. ಹಾಗಾಗಿ ಸ್ಪಾನರ್ ಹಿಡಿಯುವ ಮುಂಚೆಯೇ ಅರ್ಜಿ ಹಿಡಿಯಬೇಕು. ಇವರೂ ಹಾಗೇ ಮಾಡಿದ್ದರು. ಇನ್ನೊಂದು ಮಾತು: 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ಮಾತ್ರ ವಿಂಟೇಜ್ ಪಟ್ಟ. ಮಾರುತಿ ವ್ಯಾನುಗಳಿಗೆ ಆ ವಯಸ್ಸು 2034ರಿಂದ ಆಚೆಗೆ. ಈ ವ್ಯಾನಿಗೆ ಆ ಪಟ್ಟ ಸಿಗುವುದು ಅನುಮಾನವೇ. ಮಾಲೀಕರಿಗೆ ಹೇಳಿದಾಗ, “ಪಟ್ಟ ಇಟ್ಕೊಂಡು ಅಡಿಕೆ ಹೇರಾಕಾಗುತ್ತೇನ್ರೀ” ಅಂದರು.

ಇಳಿಸಿದ ಮೂರು ಸಿಲಿಂಡರಿನ ಇಂಜಿನ್ ಗೋಣಿತಾಟಿನ ಮೇಲೆ ಶೆಡ್ಡಿನಲ್ಲಿತ್ತು. ಮೇಸ್ತ್ರಿ ಅದನ್ನೂ ಒರೆಸಿ, ಕಾರ್ಬ್ಯುರೇಟರಿನ ಬಾಯಿಗೆ ಬಟ್ಟೆ ತುರುಕಿ, ಪ್ಲಗ್ ತೂತುಗಳಿಗೆ ಎಣ್ಣೆ ಬಿಟ್ಟು ಇಟ್ಟಿದ್ದರು. ಕಂಪ್ರೆಶನ್ ಇನ್ನೂ ಚೆನ್ನಾಗಿದೆಯಂತೆ. ನ್ಯಾಮತಿ ಕಡೆಯ ಒಬ್ಬರು ಮುಂಗಡ ಕೊಟ್ಟು ಹೋಗಿದ್ದಾರೆ; ಅವರ ವ್ಯಾನಿನದು ಹೊಗೆ ಉಗುಳುತ್ತಿದೆ.